ತಾಯಂದಿರ ಪ್ರಾಣ ಉಳಿಸಿದ ವೈದ್ಯನಾದ ಸೆಮ್ಮೆಲ್ವೈಸನ ಚರಿತ್ರೆ

ಬೇನೆಬಿದ್ದವರು ಸ್ವಸ್ಥರಾಗುವದಕ್ಕಾಗಿ ಆಸ್ಪತ್ರೆಗೆ ಹೋಗುತ್ತಾರೆ. ಆದರೆ ಒಂದು ಬೇನೆಯನ್ನು ಕಳೆದುಕೊಳ್ಳುವದಕ್ಕೆ ಹೋದವರು ಅಲ್ಲಿ ಮತ್ತೊಂದು ಬೇನೆಯನ್ನು ಅಂಟಿಸಿಕೊಳ್ಳುವದೂ ಉಂಟು. ಮನೆಯಿಂದ ಹೊರಡುವಾಗ ಮೈಯಲ್ಲಿ ಇಲ್ಲದೆ, ಆಸ್ಪತ್ರೆಯಲ್ಲಿರುವಾಗಲೇ ಹಿಡಿದ ಇಂಥ ಬೇನೆಯನ್ನು ಈಗಿನ ವೈದ್ಯರು ಆಸ್ಪತ್ರೆಯ ಸೋಂಕು ಎಂದು ಕರೆಯುತ್ತಾರೆ. ಈ ಸೋಂಕು ಎಲ್ಲಿಂದ ಬರುತ್ತದೆ, ಅದನ್ನು ಹೊತ್ತು ತರುವವರು ಯಾರು, ತಡೆಯುವ ಉಪಾಯವೇನು ಎಂಬದನ್ನು ಲೆಕ್ಕವಿಟ್ಟು ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಹಂಗೇರಿ ದೇಶದ ವೈದ್ಯನಾದ ಇಗ್ನಾಜ್ ಸೆಮ್ಮೆಲ್ವೈಸನು ಮುಖ್ಯನು. ಆತನು ಕಂಡುಕೊಂಡ ಸಂಗತಿಯು ಬಹು ಸರಳವಾದದ್ದು. ಅದನ್ನು ಒಪ್ಪಿಕೊಳ್ಳುವದಾದರೋ ಬಹು ಕಠಿಣವಾಗಿತ್ತು. ಹೆರಿಗೆಯ ಕಷ್ಟವನ್ನು ಅರಿಯದ ಮನೆ ಯಾವದೂ ಇಲ್ಲವಾದದರಿಂದ, ಆತನ ಚರಿತ್ರೆಯನ್ನು ನಾವು ನಮ್ಮ ವಾಚಕರ ಮುಂದೆ ಇಡುತ್ತೇವೆ.

1. ಬಾಲ್ಯವೂ ವಿದ್ಯಾಭ್ಯಾಸವೂ

ಸೆಮ್ಮೆಲ್ವೈಸನು 1818ನೆಯ ಇಸವಿ ಜುಲೈ 1ರಂದು ಬುಡಾ ಪಟ್ಟಣದಲ್ಲಿ ಹುಟ್ಟಿದನು. ಡಾನ್ಯೂಬ್ ಎಂಬ ಮಹಾನದಿಯ ಒಂದು ದಡದಲ್ಲಿ ಬುಡಾ, ಎದುರು ದಡದಲ್ಲಿ ಪೆಸ್ಟ್ ಎಂಬ ಎರಡು ಪಟ್ಟಣಗಳು ಆಗ ಬೇರೆ ಬೇರೆಯಾಗಿದ್ದವು. 1873ರಲ್ಲಿ ಇವು ಕೂಡಿ ಬುಡಾಪೆಸ್ಟ್ ಎಂಬ ಒಂದೇ ನಗರವಾದವು. ಆತನ ತಂದೆಯು ಮಸಾಲೆ ಮುಂತಾದ ಕಿರಾಣಿ ಸಾಮಾನುಗಳನ್ನು ಮಾರುವ ಅನುಕೂಲಸ್ಥ ವರ್ತಕನು. ಮಗನು ನ್ಯಾಯಶಾಸ್ತ್ರ ಓದಲೆಂದು 1837ರಲ್ಲಿ ಆಸ್ಟ್ರಿಯಾ ದೇಶದ ರಾಜಧಾನಿಯಾದ ವಿಯೆನ್ನಾಕ್ಕೆ ಹೋದನು. ಆದರೆ ಸ್ವಲ್ಪ ಕಾಲದಲ್ಲಿಯೇ ಅದನ್ನು ಬಿಟ್ಟು ವೈದ್ಯಶಾಸ್ತ್ರವನ್ನು ಹಿಡಿದನು. 1844ರಲ್ಲಿ ವೈದ್ಯನೆಂಬ ಪದವಿಯನ್ನು ಹೊಂದಿ, ಹೆರಿಗೆಯ ಶಾಸ್ತ್ರದಲ್ಲಿ ವಿಶೇಷ ಅಭ್ಯಾಸ ಮಾಡಿ, 1846ನೆಯ ಜುಲೈ 1ರಂದು ವಿಯೆನ್ನಾದ ದೊಡ್ಡಾಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಸಹಾಯಕ ವೈದ್ಯನಾಗಿ ನೇಮಿಸಲ್ಪಟ್ಟನು. ಆ ದಿನ ಆತನಿಗೆ ಸರಿಯಾಗಿ ಇಪ್ಪತ್ತೆಂಟು ವರುಷ ತುಂಬಿತ್ತು.

2. ಒಂದೇ ಆಸ್ಪತ್ರೆ, ಎರಡು ವಿಭಾಗಗಳು

ಆ ಕಾಲದ ಆಸ್ಪತ್ರೆಗಳು ಹೇಗಿದ್ದವೆಂಬದನ್ನು ತಿಳಿಯದೆ ಮುಂದಿನ ಸಂಗತಿ ಅರ್ಥವಾಗುವದಿಲ್ಲ. ಹಣವಂತರು ಬೇನೆಯಾದಾಗ ವೈದ್ಯನನ್ನು ಮನೆಗೇ ಕರಿಸಿಕೊಳ್ಳುತ್ತಿದ್ದರು. ಅವರ ಮನೆಯ ಹೆರಿಗೆಗಳೂ ಮನೆಯಲ್ಲಿಯೇ ಆಗುತ್ತಿದ್ದವು. ಆಸ್ಪತ್ರೆಯನ್ನು ಸೇರುವವರು ಹೆಚ್ಚಾಗಿ ಬಡವರು. ವಿಯೆನ್ನಾದ ದೊಡ್ಡಾಸ್ಪತ್ರೆಯು 1784ರಲ್ಲಿ ಎರಡನೆಯ ಜೋಸೆಫ್ ಚಕ್ರವರ್ತಿಯಿಂದ ತೆರೆಯಲ್ಪಟ್ಟದ್ದು. ಎಲ್ಲಾ ತರದ ಬೇನೆಗಳನ್ನು ನೋಡುವದರಿಂದ ಅದು ಸಾಮಾನ್ಯ ಆಸ್ಪತ್ರೆಯು. ಹೆರಿಗೆಯ ಭಾಗವಿರುವದರಿಂದ ಪ್ರಸೂತಿ ಆಸ್ಪತ್ರೆಯು. ವಿದ್ಯಾರ್ಥಿಗಳು ರೋಗಿಗಳ ಹಾಸಿಗೆಯ ಬಳಿಯಲ್ಲಿಯೇ ಪಾಠ ಕಲಿಯುವದರಿಂದ ಬೋಧನಾ ಆಸ್ಪತ್ರೆಯು. ಬಡ ಬಸುರಿಯರಿಗೆ ಅಲ್ಲಿ ಹಣವಿಲ್ಲದೆ ಹೆರಿಗೆಯಾಗುತ್ತಿತ್ತು. ಅದಕ್ಕೆ ಪ್ರತಿಯಾಗಿ ಅವರು ವಿದ್ಯಾರ್ಥಿಗಳ ಪರೀಕ್ಷೆಗೆ ಒಳಗಾಗಬೇಕಾಗಿತ್ತು.

ಅಲ್ಲಿ ಹೆರಿಗೆಯ ವಿಭಾಗಗಳು ಎರಡು ಇದ್ದವು. 1840ರಿಂದ ಮೊದಲನೆಯದರಲ್ಲಿ ವೈದ್ಯವಿದ್ಯಾರ್ಥಿಗಳೂ ಎರಡನೆಯದರಲ್ಲಿ ಸೂಲಗಿತ್ತಿಯ ಕೆಲಸ ಕಲಿಯುವ ಹೆಂಗಸರೂ ತರಬೇತು ಹೊಂದುತ್ತಿದ್ದರು. ಹೆರಿಗೆಗೆ ಬಂದವರನ್ನು ಒಂದು ದಿನ ಒಂದು ವಿಭಾಗಕ್ಕೂ ಮರುದಿನ ಮತ್ತೊಂದಕ್ಕೂ ಸೇರಿಸಿಕೊಳ್ಳುತ್ತಿದ್ದರು. ಹೀಗಿರಲಾಗಿ ಯಾವ ತಾಯಿ ಯಾವ ಕಡೆಗೆ ಹೋಗಬೇಕೆಂಬದನ್ನು ಅವಳು ಬಂದ ದಿನವೇ ಗೊತ್ತುಮಾಡುತ್ತಿತ್ತು.

ಆದರೆ ಈ ಎರಡು ವಿಭಾಗಗಳ ನಡುವೆ ಭಯಂಕರವಾದ ವ್ಯತ್ಯಾಸವಿತ್ತು. ಹೆತ್ತ ಎರಡು ಮೂರು ದಿನಗಳಲ್ಲಿ ಬಾಣಂತಿಗೆ ಚಳಿಜ್ವರ ಬಂದು, ಹೊಟ್ಟೆ ಉಬ್ಬಿ, ನೋವಿನಿಂದ ನರಳಿ ಸಾಯುವ ಬಾಣಂತಿಜ್ವರವೆಂಬ ಬೇನೆಯು ಆಗ ಯೂರೋಪಿನ ಪ್ರಸೂತಿ ಆಸ್ಪತ್ರೆಗಳಲ್ಲೆಲ್ಲಾ ಇತ್ತು. 1846ರಲ್ಲಿ ಮೊದಲನೆಯ ವಿಭಾಗದಲ್ಲಿ 4,010 ಹೆರಿಗೆಗಳಾಗಿ 459 ಮಂದಿ ತಾಯಂದಿರು ಸತ್ತರು. ಅಂದರೆ ನೂರಕ್ಕೆ ಹನ್ನೊಂದಕ್ಕಿಂತ ಹೆಚ್ಚು. ಅದೇ ವರುಷ ಸೂಲಗಿತ್ತಿಯರ ವಿಭಾಗದಲ್ಲಿ 3,754 ಹೆರಿಗೆಗಳಾಗಿ ಸತ್ತವರು 105 ಮಂದಿ. ಅಂದರೆ ನೂರಕ್ಕೆ ಮೂವರಿಗಿಂತ ಕಡಿಮೆ. ದೊಡ್ಡ ವಿದ್ಯಾವಂತರ ಕೈಗೆ ಬಿದ್ದವರು ಹೆಚ್ಚಾಗಿ ಸತ್ತರು. ಸೂಲಗಿತ್ತಿಯರ ಕೈಗೆ ಬಿದ್ದವರು ಹೆಚ್ಚಾಗಿ ಉಳಿದರು.

ಈ ಸಂಗತಿ ಊರಿನ ಬಡ ಹೆಂಗಸರಿಗೆ ಗೊತ್ತಿತ್ತು. ತಾವು ಬಂದದ್ದು ಮೊದಲನೆಯ ವಿಭಾಗದ ದಿನವೆಂದು ತಿಳಿದ ಕೂಡಲೆ ಕೆಲವರು ಮೊಣಕಾಲೂರಿ, ತಮ್ಮನ್ನು ಅಲ್ಲಿಗೆ ಕಳುಹಿಸಬೇಡಿರೆಂದು ಅತ್ತು ಬೇಡುತ್ತಿದ್ದರು. ಇನ್ನು ಕೆಲವರಿಗೆ ಆಸ್ಪತ್ರೆಯನ್ನು ಮುಟ್ಟುವ ಮೊದಲೇ ಬೀದಿಯಲ್ಲಿ ಹೆರಿಗೆಯಾಗುತ್ತಿತ್ತು. ಆಶ್ಚರ್ಯವೇನಂದರೆ, ಹೀಗೆ ಬೀದಿಯಲ್ಲಿ ಹೆತ್ತು ಬಂದವರಿಗೆ ಆ ಜ್ವರವು ಬಹು ಅಪರೂಪವಾಗಿ ಬರುತ್ತಿತ್ತು.

3. ಕಾರಣವನ್ನು ಹುಡುಕಿದ್ದು

ತನ್ನ ವಿಭಾಗದ ತಾಯಂದಿರು ಹೀಗೆ ಸಾಯುವದನ್ನು ಕಂಡು ಸೆಮ್ಮೆಲ್ವೈಸನಿಗೆ ಊಟನಿದ್ದೆಗಳೇ ಬೇಡವಾದವು. ಆ ಕಾಲದ ಪಂಡಿತರು ಈ ಜ್ವರಕ್ಕೆ ಗಾಳಿಯಲ್ಲಿಯೂ ಭೂಮಿಯಲ್ಲಿಯೂ ಇರುವ ಏನೋ ಒಂದು ಕೆಟ್ಟ ಪ್ರಭಾವವೇ ಕಾರಣವೆಂದು ಹೇಳುತ್ತಿದ್ದರು. ಆತನು ಆ ಮಾತನ್ನು ಹಾಗೆಯೇ ನಂಬದೆ ಒಂದೊಂದಾಗಿ ತೂಗಿ ನೋಡಿದನು. ಎರಡು ವಿಭಾಗಗಳೂ ಒಂದೇ ಮಾಡಿನ ಕೆಳಗಿರುವಾಗ ಊರಿನ ಗಾಳಿಯು ಒಂದರಲ್ಲಿ ಮಾತ್ರ ಹೇಗೆ ಕೊಂದೀತು? ಜನಸಂದಣಿಯೇ ಕಾರಣವೋ ಎಂದರೆ, ಮೊದಲನೆಯದಕ್ಕೆ ಹೆದರಿ ಜನರು ಬಂದು ಸೇರುತ್ತಿದ್ದದರಿಂದ ಎರಡನೆಯದರಲ್ಲಿಯೇ ಸಂದಣಿ ಹೆಚ್ಚಾಗಿತ್ತು. ಊಟವೂ ಆರೈಕೆಯೂ ಎರಡು ಕಡೆಗಳಲ್ಲಿ ಒಂದೇ ವಿಧವಾಗಿದ್ದವು.

ರೋಮನ್ ಕಥೋಲಿಕ ಪದ್ಧತಿಯ ಪ್ರಕಾರ ಸಾಯುವವರ ಬಳಿಗೆ ಪಾದ್ರಿಯು ಬರುವಾಗ ಸೇವಕನೊಬ್ಬನು ಗಂಟೆ ಬಾರಿಸುತ್ತಾ ಅವನ ಮುಂದೆ ನಡೆಯುವದುಂಟು. ಮೊದಲನೆಯ ವಿಭಾಗದಲ್ಲಿ ಆ ಪಾದ್ರಿಯು ಅನೇಕ ವಾರ್ಡುಗಳನ್ನು ದಾಟಿಯೇ ಹೋಗಬೇಕಾಗಿತ್ತು. ಆ ಗಂಟೆಯ ಶಬ್ದಕ್ಕೆ ಬೆದರಿ ಬಾಣಂತಿಯರು ಜ್ವರಕ್ಕೆ ಒಳಗಾಗುತ್ತಾರೋ ಎಂದು ಕೆಲವರು ಊಹಿಸಿದ್ದರು. ಸೆಮ್ಮೆಲ್ವೈಸನು ಪಾದ್ರಿಯನ್ನು ಕೇಳಿಕೊಂಡು, ಗಂಟೆಯಿಲ್ಲದೆ ಬೇರೆ ದಾರಿಯಿಂದ ಬರುವಂತೆ ಮಾಡಿಸಿದನು. ಆದರೂ ಮರಣಗಳು ಕಡಿಮೆಯಾಗಲಿಲ್ಲ. ಎರಡನೆಯ ವಿಭಾಗದಲ್ಲಿ ತಾಯಂದಿರು ಮಗ್ಗುಲಾಗಿ ಮಲಗಿ ಹೆರುತ್ತಾರೆಂದು ನೋಡಿ ಮೊದಲನೆಯದರಲ್ಲಿಯೂ ಹಾಗೆಯೇ ಮಾಡಿಸಿದನು. ಅದರಿಂದಲೂ ಪ್ರಯೋಜನವಾಗಲಿಲ್ಲ. ಹೀಗೆ ಒಂದೊಂದು ಊಹೆಯೂ ಬಿದ್ದುಹೋದ ಮೇಲೆ ಉಳಿದ ವ್ಯತ್ಯಾಸವು ಒಂದೇ. ಅದು ಹೆರಿಗೆ ಮಾಡಿಸುವವರ ಕೈಗಳು.

4. ಸ್ನೇಹಿತನ ಮರಣದಿಂದ ಬಂದ ಬೆಳಕು

1847ನೆಯ ಮಾರ್ಚ್ ತಿಂಗಳಲ್ಲಿ ಸೆಮ್ಮೆಲ್ವೈಸನು ಮನಸ್ಸಿಗೆ ಬಿಡುವು ಬೇಕೆಂದು ಇಟಾಲಿಯಾದ ವೆನಿಸ್ ನಗರಕ್ಕೆ ಹೋಗಿದ್ದನು. ಅವನು ಇಲ್ಲದಿರುವಾಗ ಅವನ ಸ್ನೇಹಿತನಾದ ಯಾಕೋಬ್ ಕೊಲೆಚ್ಕಾ ಎಂಬ ಪ್ರೊಫೆಸರನು ವಿದ್ಯಾರ್ಥಿಗಳೊಂದಿಗೆ ಒಂದು ಹೆಣವನ್ನು ಕೊಯ್ದು ಪರೀಕ್ಷಿಸುತ್ತಿದ್ದನು. ಆಗ ಒಬ್ಬ ವಿದ್ಯಾರ್ಥಿಯ ಚಾಕು ತಪ್ಪಿ ಅವನ ಬೆರಳಿಗೆ ಚುಚ್ಚಿತು. ಆ ಚಿಕ್ಕ ಗಾಯದಿಂದ ನಂಜೇರಿ ಕೆಲವು ದಿನಗಳಲ್ಲಿ ಅವನು ತೀರಿಹೋದನು. ಸೆಮ್ಮೆಲ್ವೈಸನು ಹಿಂದಿರುಗಿ ಬಂದು, ಸ್ನೇಹಿತನ ಶವಪರೀಕ್ಷೆಯ ವರದಿಯನ್ನು ದುಃಖದಿಂದ ಓದುವಾಗ, ತಾನು ದಿನಾಲು ಬಾಣಂತಿಯರ ಹೆಣಗಳಲ್ಲಿ ಕಾಣುತ್ತಿದ್ದ ಗುರುತುಗಳೇ ಅದರಲ್ಲಿಯೂ ಇರುವದನ್ನು ಕಂಡನು.

ಆಗ ಸಂಗತಿಯೆಲ್ಲವೂ ಬೆಳಕಿಗೆ ಬಂತು. ಸ್ನೇಹಿತನು ಸತ್ತ ಬೇನೆಯೂ ಬಾಣಂತಿಯರು ಸತ್ತ ಬೇನೆಯೂ ಒಂದೇ. ಸ್ನೇಹಿತನ ರಕ್ತದೊಳಗೆ ಹೆಣದ ನಂಜನ್ನು ಒಯ್ದದ್ದು ಚಾಕು. ಬಾಣಂತಿಯರ ಮೈಯೊಳಗೆ ಅದನ್ನು ಒಯ್ದದ್ದು ಏನು? ವೈದ್ಯರೂ ವಿದ್ಯಾರ್ಥಿಗಳೂ ಬೆಳಗ್ಗೆ ಹೆಣಗಳನ್ನು ಕೊಯ್ದು, ಅಲ್ಲಿಂದ ನೇರವಾಗಿ ಹೆರಿಗೆಯ ವಾರ್ಡಿಗೆ ಬಂದು, ಅದೇ ಕೈಗಳಿಂದ ಹೆರುವವರನ್ನು ಪರೀಕ್ಷಿಸುತ್ತಿದ್ದರು. ಅವರು ಸಾಬೂನಿನಿಂದ ಕೈ ತೊಳೆದರೂ ಹೆಣದ ನಾತವು ಹೋಗುತ್ತಿರಲಿಲ್ಲ. ಸೂಲಗಿತ್ತಿಯರಾದರೋ ಹೆಣ ಕೊಯ್ಯುವ ಕೆಲಸವನ್ನು ಮಾಡುತ್ತಿರಲಿಲ್ಲ. ಬೀದಿಯಲ್ಲಿ ಹೆತ್ತವರನ್ನು ಹೆರಿಗೆಯ ವೇಳೆಯಲ್ಲಿ ಯಾರೂ ಪರೀಕ್ಷಿಸುತ್ತಿರಲಿಲ್ಲ. ಅವರು ಬದುಕಿದ್ದಕ್ಕೆ ಕಾರಣವು ಇದೇ.

ವಾಚಕರೇ, ಈ ಅರಿವು ಆತನಿಗೆ ಎಷ್ಟು ಭಾರವಾಗಿದ್ದಿರಬೇಕೆಂದು ಯೋಚಿಸಿರಿ. ಬಾಣಂತಿಯರ ಮರಣದ ಕಾರಣವನ್ನು ತಿಳಿಯಬೇಕೆಂಬ ಆಶೆಯಿಂದ ಉಳಿದವರಿಗಿಂತ ಹೆಚ್ಚಾಗಿ ಹೆಣಗಳನ್ನು ಪರೀಕ್ಷಿಸಿದವನು ತಾನೇ. ಹಾಗಾದರೆ ಉಳಿದವರಿಗಿಂತ ಹೆಚ್ಚಾಗಿ ನಂಜನ್ನು ಹೊತ್ತು ತಂದವನೂ ತಾನೇ. ತನ್ನ ಕೈಯಿಂದ ಅಕಾಲವಾಗಿ ಸಮಾಧಿ ಸೇರಿದ ತಾಯಂದಿರ ಲೆಕ್ಕವು ದೇವರೊಬ್ಬನಿಗೇ ಗೊತ್ತೆಂದು ಆತನು ಮುಂದೆ ತನ್ನ ಗ್ರಂಥದಲ್ಲಿ ಮರೆಮಾಡದೆ ಒಪ್ಪಿಕೊಂಡನು.

5. ತೊಳೆಯುವ ಬೋಗುಣಿ

1847ನೆಯ ಮೇ ತಿಂಗಳ ಮಧ್ಯದಲ್ಲಿ ಆತನು ವಾರ್ಡಿನ ಬಾಗಿಲಲ್ಲಿ ಒಂದು ಬೋಗುಣಿಯನ್ನು ಇರಿಸಿ, ಒಳಗೆ ಬರುವ ಪ್ರತಿಯೊಬ್ಬನೂ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಲೇಬೇಕೆಂದು ಕಟ್ಟಳೆಮಾಡಿದನು. ಸ್ವಲ್ಪ ಕಾಲದ ಮೇಲೆ ಅದಕ್ಕಿಂತ ಅಗ್ಗವಾದ ಕ್ಲೋರಿನ್ ಸುಣ್ಣವನ್ನು ಉಪಯೋಗಿಸಿದನು. ನಮ್ಮ ಊರುಗಳಲ್ಲಿ ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯು ಇದೇ ಜಾತಿಯದು. ಸಾಬೂನಿನಿಂದ ಹೋಗದ ಹೆಣದ ನಾತವು ಇದರಿಂದ ಹೋಗುತ್ತಿತ್ತು. ನಾತವು ಹೋದರೆ ನಂಜೂ ಹೋಗುವದೆಂದು ಆತನು ತರ್ಕಿಸಿದನು.

ಇದರ ಫಲವನ್ನು ಅಂಕೆಗಳೇ ಹೇಳುತ್ತವೆ. ಆ ವರುಷದ ಏಪ್ರಿಲ್ ತಿಂಗಳಲ್ಲಿ ಮೊದಲನೆಯ ವಿಭಾಗದಲ್ಲಿ ಹೆತ್ತ 312 ಮಂದಿಯಲ್ಲಿ 57 ಮಂದಿ ಸತ್ತಿದ್ದರು. ಜೂನ್ ತಿಂಗಳಲ್ಲಿ 268 ಮಂದಿಯಲ್ಲಿ ಸತ್ತವರು 6 ಮಂದಿ. ಜುಲೈಯಲ್ಲಿ 250 ಮಂದಿಯಲ್ಲಿ 3 ಮಂದಿ. 1848ನೆಯ ಇಡೀ ವರುಷದಲ್ಲಿ 3,556 ಹೆರಿಗೆಗಳಾಗಿ 45 ಮಂದಿ ಮಾತ್ರ ಸತ್ತರು. ಅಂದರೆ ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು. ಆ ವರುಷದ ಎರಡು ತಿಂಗಳುಗಳಲ್ಲಿ ಒಬ್ಬಳಾದರೂ ಸಾಯಲಿಲ್ಲ. ಹೆರಿಗೆಯ ಮನೆಯೂ ವೈದ್ಯರೂ ವಿದ್ಯಾರ್ಥಿಗಳೂ ಮೊದಲಿನಂತೆಯೇ ಇದ್ದರು. ಬದಲಾದದ್ದು ಕೈ ತೊಳೆಯುವ ಕ್ರಮ ಒಂದೇ.

ಆದರೂ 1847ನೆಯ ಅಕ್ಟೋಬರ್ ತಿಂಗಳಲ್ಲಿ ಒಂದು ದುಃಖಕರವಾದ ಸಂಗತಿ ನಡೆಯಿತು. ಗರ್ಭಕೋಶದಲ್ಲಿ ಕೀವು ಸುರಿಯುವ ಕ್ಯಾನ್ಸರ್ ಹುಣ್ಣಿದ್ದ ಒಬ್ಬ ಹೆಂಗಸು ಹೆರಿಗೆಗೆ ಬಂದು ಮೊದಲನೆಯ ಹಾಸಿಗೆಯಲ್ಲಿ ಮಲಗಿದ್ದಳು. ವೈದ್ಯರು ವಾರ್ಡಿಗೆ ಬರುವಾಗ ಕ್ಲೋರಿನ್ ನೀರಿನಲ್ಲಿ ಕೈ ತೊಳೆದು, ಮೊದಲು ಅವಳನ್ನು ಪರೀಕ್ಷಿಸಿ, ಬಳಿಕ ಬರೇ ಸಾಬೂನಿನಿಂದ ಕೈ ತೊಳೆದು ಉಳಿದವರನ್ನು ಪರೀಕ್ಷಿಸಿದರು. ಆ ಸಾಲಿನಲ್ಲಿ ಹೆತ್ತ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಸತ್ತರು. ಇದರಿಂದ ಆತನು ಕಲಿತದ್ದೇನಂದರೆ, ನಂಜು ಹೆಣದಿಂದ ಮಾತ್ರವಲ್ಲ, ಜೀವಂತರ ಹುಣ್ಣಿನಿಂದಲೂ ಬರುತ್ತದೆ. ಆದದರಿಂದ ವಾರ್ಡಿನ ಬಾಗಿಲಲ್ಲಿ ಒಮ್ಮೆ ತೊಳೆದರೆ ಸಾಲದು, ಒಬ್ಬ ರೋಗಿಯಿಂದ ಮತ್ತೊಬ್ಬಳ ಬಳಿಗೆ ಹೋಗುವಾಗೆಲ್ಲಾ ತೊಳೆಯಬೇಕು. ಮುಂದಿನ ತಿಂಗಳಲ್ಲಿ ಮೊಣಕಾಲಿನ ಹುಣ್ಣಿನಿಂದ ಕೀವು ಸೋರುವ ಒಬ್ಬ ಹೆಂಗಸು ಬಂದಾಗಲೂ ಕೇಡು ಹಬ್ಬಿತು. ಆಗ ಇಂಥವರನ್ನು ಉಳಿದವರಿಂದ ಬೇರೆ ಕೋಣೆಯಲ್ಲಿ ಇಡಬೇಕೆಂಬದನ್ನು ಆತನು ನಿಯಮಮಾಡಿದನು. ರೋಗಿಯನ್ನು ಪ್ರತ್ಯೇಕವಾಗಿಡುವ ಈ ಕ್ರಮವು ಇಂದಿಗೂ ಎಲ್ಲಾ ಆಸ್ಪತ್ರೆಗಳಲ್ಲಿ ನಡೆಯುತ್ತದೆ.

6. ವಿರೋಧವೂ ಮನನೋವೂ

ಇಷ್ಟು ಸ್ಪಷ್ಟವಾದ ಫಲವನ್ನು ಕಂಡ ಮೇಲೆ ವೈದ್ಯರೆಲ್ಲರೂ ಸಂತೋಷದಿಂದ ಬೋಗುಣಿಯ ಬಳಿಗೆ ಓಡಿ ಬಂದಿರಬೇಕೆಂದು ನಾವು ಎಣಿಸುವೆವು. ಆದರೆ ನಡೆದದ್ದು ಬೇರೆ. ಹೆಬ್ರಾ, ಸ್ಕೋಡಾ, ರೋಕಿಟಾನ್ಸ್ಕಿ ಎಂಬ ವಿಯೆನ್ನಾದ ಪ್ರಖ್ಯಾತ ವೈದ್ಯರು ಆತನ ಪಕ್ಷವನ್ನು ಹಿಡಿದರು. ವಿಭಾಗದ ಮುಖ್ಯಸ್ಥನಾದ ಕ್ಲೈನನೂ ಬೇರೆ ದೇಶಗಳ ಅನೇಕ ಪಂಡಿತರೂ ಒಪ್ಪಲಿಲ್ಲ. ಯಾಕಂದರೆ ಆ ಸತ್ಯವನ್ನು ಒಪ್ಪಬೇಕಾದರೆ ತಮ್ಮ ಕೈಗಳೇ ಇಷ್ಟು ವರುಷಗಳಿಂದ ತಾಯಂದಿರನ್ನು ಕೊಂದವೆಂದೂ ಒಪ್ಪಬೇಕಾಗುತ್ತಿತ್ತು. ಗೌರವಸ್ಥರ ಕೈ ಅಶುದ್ಧವಾಗಿರುವದೆಂಬ ಮಾತು ಅವರಿಗೆ ಅವಮಾನವಾಗಿ ತೋರಿತು. ಅದಲ್ಲದೆ, ನಂಜು ಎಂದರೆ ಏನೆಂದು ಕಣ್ಣಿಗೆ ತೋರಿಸುವ ಸಾಧನವು ಆಗ ಆತನಿಗೂ ಇರಲಿಲ್ಲ.

ಈ ಸತ್ಯವನ್ನು ಒಪ್ಪುವದು ಎಷ್ಟು ನೋವಿನದೆಂಬದಕ್ಕೆ ಜರ್ಮನಿಯ ಕೀಲ್ ಪಟ್ಟಣದ ವೈದ್ಯನಾದ ಮಿಖಾಯೆಲಿಸನೇ ಸಾಕ್ಷಿ. ತಾನು ಹೆರಿಗೆ ಮಾಡಿಸಿದ ತನ್ನ ಸ್ವಂತ ಬಂಧುವೊಬ್ಬಳು ಇದೇ ಜ್ವರದಿಂದ ಸತ್ತಿದ್ದಳು. ಸೆಮ್ಮೆಲ್ವೈಸನ ಸಂಗತಿಯನ್ನು ಕೇಳಿ, ಅದು ನಿಜವೆಂದು ತಿಳಿದು, ತನ್ನ ಆಸ್ಪತ್ರೆಯಲ್ಲಿಯೂ ಕೈ ತೊಳೆಯುವದನ್ನು ಆರಂಭಿಸಿದ ಆ ಒಳ್ಳೆಯ ಮನುಷ್ಯನು ದುಃಖವನ್ನು ತಾಳಲಾರದೆ 1848ರಲ್ಲಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ಬಲ್ಲವನೊಬ್ಬನು ಅವನ ಪಕ್ಕದಲ್ಲಿ ಕೂತು, ತಿಳಿಯದೆ ಆದ ಕೇಡಿಗೂ ತಿಳಿದೂ ಬಿಡದ ಕೇಡಿಗೂ ಬಹಳ ಅಂತರವಿರುವದೆಂದು ಹೇಳಿದ್ದರೆ ಎಷ್ಟೋ ಚೆನ್ನಾಗಿತ್ತು.

ಸೆಮ್ಮೆಲ್ವೈಸನ ಕಡೆಯಲ್ಲಿಯೂ ಕೊರತೆಗಳಿದ್ದವೆಂದು ನಾವು ಹೇಳಲೇಬೇಕು. ತನ್ನ ಸಂಗತಿಯನ್ನು ಬೇಗನೆ ಬರೆದು ಪ್ರಕಟಿಸುವದಕ್ಕೆ ಆತನು ಹಿಂಜರಿದನು. ಆತನ ಪರವಾಗಿ ಹೆಬ್ರಾ ಮುಂತಾದ ಸ್ನೇಹಿತರು ಬರೆದರು. 1849ನೆಯ ಮಾರ್ಚ್ ತಿಂಗಳಲ್ಲಿ ಅವಧಿ ಮುಗಿದಾಗ ಆತನ ಕೆಲಸವನ್ನು ಮುಂದುವರಿಸಲಿಲ್ಲ. 1850ರಲ್ಲಿ ಆತನು ಬೇಸತ್ತು, ಸಹಾಯ ಮಾಡಿದ ಸ್ನೇಹಿತರಿಗೂ ಹೇಳದೆ ವಿಯೆನ್ನಾವನ್ನು ಬಿಟ್ಟು ತನ್ನ ದೇಶಕ್ಕೆ ಹೊರಟುಹೋದನು.

7. ಪೆಸ್ಟ್ ಪಟ್ಟಣದಲ್ಲಿ

1851ರಿಂದ 1857ರ ವರೆಗೆ ಆತನು ಪೆಸ್ಟ್ ಪಟ್ಟಣದ ಸಂತ ರೋಖನ ಆಸ್ಪತ್ರೆಯ ಹೆರಿಗೆ ವಿಭಾಗವನ್ನು ನಡಿಸಿದನು. ಆ ವರುಷಗಳಲ್ಲಿ ಅಲ್ಲಿ ಆದ 933 ಹೆರಿಗೆಗಳಲ್ಲಿ ಬಾಣಂತಿಜ್ವರದಿಂದ ಸತ್ತವರು 8 ಮಂದಿ ಮಾತ್ರ. 1855ರಲ್ಲಿ ಆತನು ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರನಾದನು. 1857ರಲ್ಲಿ ಮರಿಯಾ ವೈಡನ್‌ಹೋಫರ್ ಎಂಬಾಕೆಯನ್ನು ಮದುವೆಯಾದನು. ಅವರಿಗೆ ಐದು ಮಂದಿ ಮಕ್ಕಳು ಹುಟ್ಟಿ, ಇಬ್ಬರು ಶಿಶುಗಳಾಗಿಯೇ ತೀರಿಹೋದರು.

ವಿಶ್ವವಿದ್ಯಾಲಯದ ಹೆರಿಗೆ ಮನೆಯಲ್ಲಿ ಜ್ವರವು ಒಮ್ಮೆ ಪುನಃ ತಲೆಯೆತ್ತಿತು. ಆತನು ಹುಡುಕಿ ನೋಡಲಾಗಿ, ಸರಿಯಾಗಿ ಒಗೆಯದ, ಹಿಂದಿನ ಬಾಣಂತಿಯ ರಕ್ತವೂ ಮೈಲಿಗೆಯೂ ಹತ್ತಿದ್ದ ಹಾಸುಬಟ್ಟೆಗಳೇ ಕಾರಣವೆಂದು ತಿಳಿಯಿತು. ಆತನು ಆ ನಾರುವ ಬಟ್ಟೆಗಳನ್ನು ಅಧಿಕಾರಿಯ ಎದುರಿಗೇ ಒಯ್ದು ತೋರಿಸಿ, ಶುದ್ಧವಾದ ಬಟ್ಟೆ ಸಿಕ್ಕುವಂತೆ ಮಾಡಿಸಿದನು. ಹೀಗೆ ಕೈ, ಸಲಕರಣೆ, ಬಟ್ಟೆ, ರೋಗಿಯ ಹುಣ್ಣು ಎಂಬ ನಾಲ್ಕು ದಾರಿಗಳನ್ನೂ ಆತನು ಗುರುತಿಸಿದ್ದನು.

1861ರ ವರುಷವನ್ನು ಹೊತ್ತು ಆತನ ದೊಡ್ಡ ಗ್ರಂಥವು ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು. ಅದರಲ್ಲಿ ಬಾಣಂತಿಜ್ವರದ ಕಾರಣವೂ ಅದನ್ನು ತಡೆಯುವ ಕ್ರಮವೂ ಅಂಕೆಗಳ ಸಮೇತ ಬರೆಯಲ್ಪಟ್ಟಿದ್ದವು. ಅನೇಕರು ಅದನ್ನು ತಿರಸ್ಕರಿಸಿದರು. ಅದರಿಂದ ಆತನ ಮನಸ್ಸು ಕಹಿಯಾಯಿತು. ಒಪ್ಪದ ಪ್ರೊಫೆಸರರಿಗೆ ಆತನು ಬಹಿರಂಗ ಪತ್ರಗಳನ್ನು ಬರೆದು, ಅವರು ಮಾಡುತ್ತಿರುವದು ಕೊಲೆಯೇ ಎಂದು ಜರೆದನು. ಆತನ ಮಾತು ಸತ್ಯವಾಗಿದ್ದರೂ ಕಾಠಿಣ್ಯದಿಂದ ಕೂಡಿದ್ದದರಿಂದ ಕೇಳುವ ಕಿವಿಗಳು ಇನ್ನೂ ಮುಚ್ಚಿಕೊಂಡವು. ತಡವಾದ ಪ್ರತಿಯೊಂದು ದಿನವೂ ತಾಯಂದಿರು ಸಾಯುತ್ತಿದ್ದಾರೆಂದು ತಿಳಿದವನಿಗೆ ಮೆಲ್ಲಗೆ ಮಾತಾಡುವದು ಸುಲಭವಾಗಿರಲಿಲ್ಲವೆಂಬದನ್ನೂ ನಾವು ಮರೆಯಬಾರದು.

8. ಅಂತ್ಯಕಾಲ

1865ರ ಹೊತ್ತಿಗೆ ಆತನ ಬುದ್ಧಿಯು ಕದಲಿತು. ಜುಲೈ ತಿಂಗಳ ಕೊನೆಯಲ್ಲಿ ಆತನನ್ನು ವಿಯೆನ್ನಾಕ್ಕೆ ಕರಕೊಂಡು ಬಂದು, ಬುದ್ಧಿಭ್ರಮಣೆಯಾದವರನ್ನು ಇಡುವ ಆಸ್ಪತ್ರೆಯಲ್ಲಿ ಸೇರಿಸಿದರು. ಅಲ್ಲಿಗೆ ಕರಕೊಂಡು ಹೋದವನು ಹಳೆಯ ಸ್ನೇಹಿತನಾದ ಹೆಬ್ರಾ. ಅಲ್ಲಿಂದ ಹೊರಟುಹೋಗಲು ಯತ್ನಿಸಿದಾಗ ಕಾವಲುಗಾರರು ಆತನನ್ನು ಹಿಡಿದು ಹೊಡೆದರೆಂದು ಬಹು ಕಾಲದ ಮೇಲೆ ದೊರೆತ ದಾಖಲೆಗಳಿಂದ ತೋರುತ್ತದೆ. ಆತನ ಮೈಯಲ್ಲಿದ್ದ ಗಾಯಕ್ಕೆ ನಂಜೇರಿತು. ಆಗಸ್ಟ್ 13ರಂದು, ಸೇರಿದ ಎರಡೇ ವಾರಗಳಲ್ಲಿ, ನಾಲ್ವತ್ತೇಳು ವರುಷ ಪ್ರಾಯದಲ್ಲಿ ಆತನು ಸತ್ತನು. ಯಾವ ನಂಜಿನಿಂದ ತಾಯಂದಿರನ್ನು ತಪ್ಪಿಸಿದನೋ ಅದೇ ತರದ ನಂಜು ಆತನ ರಕ್ತವನ್ನು ಕೆಡಿಸಿತು. ಅದೂ ಒಂದು ಆಸ್ಪತ್ರೆಯ ಗೋಡೆಗಳೊಳಗೆ.

ಆ ಮರಣದ ಹಿಂದಿನ ದಿನ, ಅಂದರೆ 1865ನೆಯ ಆಗಸ್ಟ್ 12ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿ ಜೋಸೆಫ್ ಲಿಸ್ಟರನೆಂಬ ಶಸ್ತ್ರವೈದ್ಯನು ಬಂಡಿಯ ಚಕ್ರಕ್ಕೆ ಸಿಕ್ಕಿ ಕಾಲು ಮುರಿದ ಹನ್ನೊಂದು ವರುಷದ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಸಿಡ್ ಹಚ್ಚಿ ಕಟ್ಟಿದನು. ಗಾಯವು ಕೊಳೆಯದೆ ವಾಸಿಯಾಯಿತು. ಆ ಕಾಲದಲ್ಲಿ ದೊಡ್ಡ ಆಸ್ಪತ್ರೆಗಳ ಭಯವು ಎಷ್ಟಿತ್ತೆಂದರೆ, 1869ರಲ್ಲಿ ಎಡಿನ್‌ಬರೋ ನಗರದ ವೈದ್ಯನಾದ ಸಿಂಪ್ಸನನು ಕೈಕಾಲು ಕತ್ತರಿಸಿದ ಸಾವಿರಾರು ರೋಗಿಗಳ ಲೆಕ್ಕವನ್ನು ಕೂಡಿಸಿ, ಪಟ್ಟಣದ ದೊಡ್ಡ ಆಸ್ಪತ್ರೆಗಳಲ್ಲಿ ನೂರಕ್ಕೆ ಸುಮಾರು 41 ಮಂದಿಯೂ ಹಳ್ಳಿಯ ಮನೆಗಳಲ್ಲಿ ಸುಮಾರು 11 ಮಂದಿಯೂ ಸತ್ತರೆಂದು ತೋರಿಸಿದನು. ಲಿಸ್ಟರನ ಕ್ರಮವು ಹಬ್ಬಿದ ಮೇಲೆ ಈ ಭಯವು ಕ್ರಮೇಣ ಇಳಿಯಿತು. 1879ರಲ್ಲಿ ಫ್ರಾನ್ಸ್ ದೇಶದ ಲೂಯಿ ಪಾಶ್ಚರನು ಬಾಣಂತಿಜ್ವರದವರ ಮೈಯಲ್ಲಿ ಸರಮಾಲೆಯಂತೆ ಜೋಡಿಸಿಕೊಂಡಿರುವ ರೋಗಾಣುಗಳನ್ನು ತೋರಿಸಿದನು. ಸೆಮ್ಮೆಲ್ವೈಸನು ಕಾಣಲಾರದೆ ನಂಜೆಂದು ಕರೆದದ್ದು ಆಗ ಕಣ್ಣಿಗೆ ಬಿತ್ತು.

ತರುವಾಯ ಆತನ ಹೆಸರು ಗೌರವಕ್ಕೆ ಬಂತು. ಆತನ ಎಲುಬುಗಳು ವಿಯೆನ್ನಾದಿಂದ ಬುಡಾಪೆಸ್ಟಿಗೆ ತರಲ್ಪಟ್ಟು, ಈಗ ಆತನು ಹುಟ್ಟಿದ ಮನೆಯ ಅಂಗಳದಲ್ಲಿ ಇವೆ. ಆ ಮನೆಯು ವೈದ್ಯಶಾಸ್ತ್ರದ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿಯ ವೈದ್ಯ ವಿಶ್ವವಿದ್ಯಾಲಯಕ್ಕೆ 1969ರಲ್ಲಿ ಆತನ ಹೆಸರಿಟ್ಟರು.

9. ನಮಗೆ ತಿಳಿಯತಕ್ಕದ್ದು

ಈಗ ಆಸ್ಪತ್ರೆಗಳು ಅನೇಕ ತರವಾಗಿವೆ. ಹಳ್ಳಿಗೆ ಸಮೀಪವಾದ ಪ್ರಾಥಮಿಕ ಆರೋಗ್ಯ ಕೇಂದ್ರವಿದೆ, ತಾಲೂಕು ಆಸ್ಪತ್ರೆಯಿದೆ, ಜಿಲ್ಲಾ ಆಸ್ಪತ್ರೆಯಿದೆ, ಸೆಮ್ಮೆಲ್ವೈಸನ ಆಸ್ಪತ್ರೆಯಂತೆ ವೈದ್ಯವಿದ್ಯಾರ್ಥಿಗಳು ಕಲಿಯುವ ಬೋಧನಾ ಆಸ್ಪತ್ರೆಯಿದೆ. ದೊಡ್ಡ ಆಸ್ಪತ್ರೆಯಲ್ಲಿ ಕಠಿಣವಾದ ಬೇನೆಗಳಿಗೆ ಉಪಾಯಗಳು ಹೆಚ್ಚು. ಆದರೆ ಕಠಿಣ ರೋಗಿಗಳು ಕೂಡಿರುವದರಿಂದಲೂ, ಮೈಯೊಳಗೆ ಹಾಕುವ ನಳಿಕೆಗಳು ಹೆಚ್ಚಾಗಿರುವದರಿಂದಲೂ ಸೋಂಕಿನ ದಾರಿಗಳೂ ಅಲ್ಲಿ ಹೆಚ್ಚು. ಆದದರಿಂದ ಆಸ್ಪತ್ರೆಗೆ ಹೆದರಿ ಮನೆಯಲ್ಲಿಯೇ ಕೂತುಕೊಳ್ಳಬೇಕೆಂದು ಯಾರೂ ತಿಳಿಯಬಾರದು. ಹೆರಿಗೆಗೆ ಇಂದು ಆಸ್ಪತ್ರೆಯೇ ಕ್ಷೇಮವಾದ ಸ್ಥಳ. ಅದನ್ನು ಹಾಗೆ ಮಾಡಿದವರಲ್ಲಿ ಈತನೂ ಒಬ್ಬನು.

ವೈದ್ಯರ ಬಾಯಲ್ಲಿ ಕೇಳಿಬರುವ ಕೆಲವು ಮಾತುಗಳ ಅರ್ಥವನ್ನೂ ತಿಳಿದಿರುವದು ಒಳ್ಳೆಯದು. ಊರಿನಲ್ಲಿಯೇ ಹಿಡಿದು, ರೋಗಿಯು ತನ್ನೊಂದಿಗೆ ತಂದದ್ದು ಸಮುದಾಯದ ಸೋಂಕು. ಸಾಮಾನ್ಯವಾಗಿ ಆಸ್ಪತ್ರೆಗೆ ಸೇರಿ 48 ತಾಸುಗಳು ಕಳೆದ ಮೇಲೆ ಕಾಣಿಸಿಕೊಳ್ಳುವದು ಆಸ್ಪತ್ರೆಯ ಸೋಂಕು. ಅದರಲ್ಲಿ ಮುಖ್ಯವಾದವು ನಾಲ್ಕು: ಶಸ್ತ್ರಕ್ರಿಯೆಯ ಗಾಯದ ಸೋಂಕು, ಮೂತ್ರದ ನಳಿಕೆಯಿಂದ ಬರುವ ಸೋಂಕು, ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಕೆಯಿಂದ ರಕ್ತಕ್ಕೆ ಸೇರುವ ಸೋಂಕು, ಉಸಿರಾಟದ ಯಂತ್ರಕ್ಕೆ ಹಾಕಿದವರಿಗೆ ಬರುವ ಶ್ವಾಸಕೋಶದ ಸೋಂಕು. ಮದ್ದಿಗೆ ಬಗ್ಗದ ರೋಗಾಣುಗಳು ಆಸ್ಪತ್ರೆಗಳಲ್ಲಿ ಹುಟ್ಟಿಕೊಂಡಿರುವದರಿಂದ ಇವುಗಳನ್ನು ವಾಸಿಮಾಡುವದಕ್ಕಿಂತ ತಡೆಯುವದೇ ಲೇಸು. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಆಸ್ಪತ್ರೆ ಸೇರಿದ ನೂರು ಮಂದಿಯಲ್ಲಿ ಐಶ್ವರ್ಯವುಳ್ಳ ದೇಶಗಳಲ್ಲಿ 7 ಮಂದಿಗೂ ಬಡ ಮತ್ತು ಮಧ್ಯಮ ಸ್ಥಿತಿಯ ದೇಶಗಳಲ್ಲಿ 15 ಮಂದಿಗೂ ಇಂಥ ಸೋಂಕು ತಗಲುತ್ತದೆ.

ಅದೇ ಸಂಸ್ಥೆಯು ಆಸ್ಪತ್ರೆಯ ಕೆಲಸದವರು ಕೈ ಶುದ್ಧಮಾಡಿಕೊಳ್ಳಬೇಕಾದ ಐದು ವೇಳೆಗಳನ್ನು ಗೊತ್ತುಮಾಡಿದೆ: ರೋಗಿಯನ್ನು ಮುಟ್ಟುವ ಮೊದಲು, ಗಾಯ ಕಟ್ಟುವದು ಮುಂತಾದ ಶುದ್ಧ ಕೆಲಸಕ್ಕೆ ಮೊದಲು, ರಕ್ತ ಕೀವು ಮೂತ್ರಾದಿಗಳು ತಗಲಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ರೋಗಿಯ ಹಾಸಿಗೆ ಮೇಜುಗಳನ್ನು ಮುಟ್ಟಿದ ಮೇಲೆ. ಇವುಗಳನ್ನು ಓದುವಾಗ ಆ ಮೊದಲನೆಯ ಹಾಸಿಗೆಯ ಸಾಲಿನಲ್ಲಿ ಸತ್ತ ಹನ್ನೊಂದು ಮಂದಿ ತಾಯಂದಿರನ್ನು ನಾವು ನೆನಸದೆ ಇರಲಾರೆವು. ಕೈಚೀಲಗಳನ್ನು ತೊಟ್ಟವರಿಗೂ ಈ ನಿಯಮವು ತಪ್ಪದು. ಒಬ್ಬರಿಗೆ ತೊಟ್ಟ ಕೈಚೀಲದಿಂದ ಮತ್ತೊಬ್ಬರನ್ನು ಮುಟ್ಟುವದು ತೊಳೆಯದ ಕೈಯಿಂದ ಮುಟ್ಟಿದಂತೆಯೇ.

ರೋಗಿಯನ್ನು ನೋಡಲಿಕ್ಕೆ ಹೋಗುವ ನಾವೂ ಇದಕ್ಕೆ ಹೊರಗಲ್ಲ. ಬಾಣಂತಿಯನ್ನು ಕಾಣುವದಕ್ಕೆ ಊರಿನವರೆಲ್ಲರೂ ಒಟ್ಟಾಗಿ ಹೋಗಿ, ಅವಳ ಹಾಸಿಗೆಯ ಮೇಲೆ ಕೂತು, ಬಸ್ಸಿನ ಕಂಬಿ ಹಿಡಿದ ಕೈಯಿಂದಲೇ ಮಗುವನ್ನು ಎತ್ತಿ ಮುದ್ದಿಸುವದು ಪ್ರೀತಿಯ ಕೆಲಸವೆಂದು ನಮ್ಮಲ್ಲಿ ಎಣಿಸುತ್ತಾರೆ. ವಿಯೆನ್ನಾದ ವೈದ್ಯರಿಗೂ ಕೊಲ್ಲಬೇಕೆಂಬ ಮನಸ್ಸಿರಲಿಲ್ಲ. ಅವರು ಬಂದದ್ದು ಸಹಾಯಕ್ಕಾಗಿಯೇ. ಮನಸ್ಸು ಒಳ್ಳೆಯದಾಗಿರುವ ಮಾತ್ರಕ್ಕೆ ಕೈ ಶುದ್ಧವಾಗುವದಿಲ್ಲ. ನಮ್ಮ ರೋಗಿಯನ್ನು ಮುಟ್ಟುವದಕ್ಕೆ ಬಂದವರನ್ನು ಕೈ ತೊಳೆದಿರೋ ಎಂದು ವಿನಯದಿಂದ ಕೇಳುವದಕ್ಕೆ ನಾವು ನಾಚಬಾರದು. ನಮ್ಮನ್ನು ಯಾರಾದರೂ ಹಾಗೆ ಕೇಳಿದರೆ ಸಿಟ್ಟಾಗಲೂಬಾರದು. ವಿಯೆನ್ನಾದ ದೊಡ್ಡವರು ಆ ಪ್ರಶ್ನೆಗೆ ಸಿಟ್ಟಾದದರಿಂದ ಎಷ್ಟೋ ಮಕ್ಕಳು ತಾಯಿಯಿಲ್ಲದೆ ಬೆಳೆಯಬೇಕಾಯಿತು.